ಇಪ್ಪತ್ತೈದನೇ ತಾರೀಖಿನ ಸ್ಮೃತಿ

ಸಿಟ್ಟು ಮೂಗಿನ ತುದಿಯಲ್ಲಿರುತ್ತದೆ ಎನ್ನುವುದು ಲೋಕದ ಮಾತು. ಭೀಮರಾಜನಿಗೆ ಅದು ಮೂಗಿಗಿಂತ ಒಂದು ಗೇಣು ಮುಂದೆಯೇ ಇರುತ್ತಿತ್ತು. ಹಳೇಬೀಡು ಬಸ್‌ಸ್ಟ್ಯಾಂಡಿನಲ್ಲಿ ಕಂಟ್ರೋಲರ್ ಆಗಿದ್ದಷ್ಟು ಕಾಲ ಅವನ ಕೂಗು ಕೇಳಿಯೇ ಡ್ರೈವರುಗಳು ಅರ್ಧ ಕುಡಿದ ಟೀ ಬಿಟ್ಟು ಬಸ್ ಹತ್ತುತ್ತಿದ್ದರು. ರಿಟೈರ್ ಆಗಿ ಎರಡು ವರ್ಷವಾಗಿತ್ತು. ಬಸ್ಸುಗಳು ಕೈಬಿಟ್ಟುಹೋದವು, ಸಿಟ್ಟು ಮಾತ್ರ ಪೆನ್ಷನ್ ಹಾಗೆ ತಪ್ಪದೆ ಬರುತ್ತಿತ್ತು. ಹಾಗಂತ ಅದು ಬಿಟ್ಟಿ ಸಿಟ್ಟಲ್ಲ. ಅವನ ತಾತ ತಲೆ ತಗ್ಗಿಸಿ ಬದುಕಿದ್ದ, ಅಪ್ಪ ಹುಚ್ಚಣ್ಣ ತಲೆ ತಗ್ಗಿಸಿಯೇ ಸತ್ತಿದ್ದ. ಇಬ್ಬರು ನುಂಗಿಕೊಂಡದ್ದನ್ನು ಮೂರನೆಯವನಾದರೂ ಕಕ್ಕಬೇಕಲ್ಲ ಎನ್ನುವುದು ಅವನ ಲೆಕ್ಕ.

ಡಿಸೆಂಬರ್ ಎಂಟರ ಬೆಳಿಗ್ಗೆ ಹಾಲು ತರಲು ಹೋದವನು ಸರ್ಕಲ್ಲಿನಲ್ಲಿ ಹೊಸದಾಗಿ ಕಟ್ಟಿದ್ದ ಫ್ಲೆಕ್ಸ್ ಮುಂದೆ ನಿಂತ. ಅರಸೀಕೆರೆಯ ಕೊಬ್ಬರಿ ಮಂಡಿ ಜಯದೇವಪ್ಪನ ಟ್ರಸ್ಟು ನಡೆಸುವ ಇಂಜಿನಿಯರಿಂಗ್ ಕಾಲೇಜಿನ ಫ್ಲೆಕ್ಸು. ಭೀಮರಾಜನ ಮಗಳು ಧನುಶ್ರೀ ಅದೇ ಕಾಲೇಜಿನಲ್ಲಿ ಎಲೆಕ್ಟ್ರಾನಿಕ್ಸ್ ಪಾಠ ಮಾಡುತ್ತಾಳೆ. ಈ ಸಲದ ಸಂಸ್ಥಾಪಕರ ದಿನಾಚರಣೆಯಲ್ಲಿ ಅವಳು ಮಾಡಿದ ಯಂತ್ರ ತೋರಿಸುತ್ತಾರೆ, ಅವಳೇ ವೇದಿಕೆ ಮೇಲೆ ನಿಂತು ವಿವರಿಸುತ್ತಾಳೆ ಎಂದು ಅವನು ಆರು ತಿಂಗಳಿಂದ ಕಂಡಕಂಡವರಿಗೆಲ್ಲ ಹೇಳಿಕೊಂಡು ತಿರುಗಿದ್ದ. ಹಾಗಾಗಿ ಹೆಮ್ಮೆಯಿಂದಲೇ ಕತ್ತೆತ್ತಿ ಓದಿದ.

‘ಡಿಸೆಂಬರ್ ೨೫. ಅತಿವೇಗದ ಶಾಶ್ವತ ಸ್ಮೃತಿ: ನವಯುಗಕ್ಕೆ ನಾಂದಿ. ಸರ್ವರಿಗೂ ಆದರದ ಸ್ವಾಗತ.’

ಅಷ್ಟೇ. ಅದರ ಕೆಳಗೆ ಜರಿಶಾಲು ಹೊದ್ದ ಜಯದೇವಪ್ಪನ ಫೋಟೋ, ಅದರ ಕೆಳಗೆ ಸಣ್ಣಕ್ಷರದಲ್ಲಿ ಇನ್ನೂ ಏನೇನೋ ಇತ್ತು. ಭೀಮರಾಜನ ಕಣ್ಣು ‘ಸ್ಮೃತಿ’ಯಿಂದ ಕೆಳಗಿಳಿಯಲಿಲ್ಲ. ಡಿಸೆಂಬರ್ ಇಪ್ಪತ್ತೈದು ಬಾಬಾಸಾಹೇಬರು ಮನುಸ್ಮೃತಿಯನ್ನು ಸುಟ್ಟ ದಿನ. ಪ್ರತಿವರ್ಷ ಆ ದಿನ ಬೇಲೂರಿನಲ್ಲಿ ನಾಲ್ಕು ಜನ ಸೇರಿ ಆ ಪುಸ್ತಕದ ಒಂದು ಪ್ರತಿಯನ್ನು ಸುಡುತ್ತಾರೆ; ಇಪ್ಪತ್ತೆರಡು ವರ್ಷದಿಂದ ಬೆಂಕಿಕಡ್ಡಿ ಗೀರುವವನು ಭೀಮರಾಜನೇ. ಸುಟ್ಟ ದಿನದಂದೇ ‘ಶಾಶ್ವತ ಸ್ಮೃತಿ’ಗೆ ನಾಂದಿ ಹಾಡುತ್ತಾರಂತೆ! ಅದೂ ನನ್ನ ಮಗಳನ್ನು ವೇದಿಕೆ ಮೇಲೆ ನಿಲ್ಲಿಸಿ!

ಹಾಲಿನ ಕ್ಯಾನು ಟೀ ಅಂಗಡಿಯ ಕಟ್ಟೆ ಮೇಲಿಟ್ಟು ಅಲ್ಲೇ ಮೊಬೈಲ್ ತೆಗೆದ. ಬೇಲೂರು ಗೆಳೆಯರ ವಾಟ್ಸಾಪ್ ಗ್ರೂಪಿಗೆ ಎರಡು ನಿಮಿಷ ನಲವತ್ತು ಸೆಕೆಂಡಿನ ವಾಯ್ಸ್ ಮೆಸೇಜು ಹೋಯಿತು. ‘‘ಏನ್ರಯ್ಯಾ ಇವ್ರ ಧಿಮಾಕು! ನಾವು ಸುಟ್ಟಿದ್ದನ್ನ ಇವ್ರು ಶಾಶ್ವತ ಮಾಡ್ತಾರಂತೆ. ಜಯದೇವಪ್ಪನೋರೇ, ಕೇಳಿಸ್ಕೊಳ್ಳಿ. ನಮ್ಮವ್ವ ನಿಮ್ಮ ಕಾಯಿ ಮನೇಲಿ ನಲವತ್ತು ವರ್ಷ ದೂಳು ಕುಡಿದಿದ್ದು ಈ ದಿನಕ್ಕಲ್ಲ...’’ ಎಂದು ಶುರುವಾದದ್ದು, ಕೊನೆಗೆ ಬರೆಯಲಾಗದ ಒಂದೆರಡು ಮಾತಿಗೂ ಇಳಿಯಿತು. ಟೀ ಅಂಗಡಿಯವನು ಗ್ಲಾಸು ತೊಳೆಯುವುದನ್ನು ನಿಲ್ಲಿಸಿ ಕೇಳಿದ.

ಮನೆಗೆ ಬಂದಾಗ ಹೆಂಡತಿ ಮೀನಾಕ್ಷಿ ಸ್ಕೂಲಿಗೆ ಹೊರಟು ನಿಂತಿದ್ದಳು. ಎಲ್ಲ ಕೇಳಿಸಿಕೊಂಡು, ‘‘ಧನು ಕಾಲೇಜಿನ ಫಂಕ್ಷನ್ ಅಲ್ವಾ ಅದು? ಅವಳನ್ನ ಒಂದ್ಮಾತು ಕೇಳ್ಬಾರದಿತ್ತಾ?’’ ಎಂದಳು.

‘‘ಕೇಳೋದೇನೈತೆ? ನಂಗೆ ಕನ್ನಡ ಓದಕ್ಕೆ ಬರಲ್ವಾ?’’

ಬರುತ್ತಿತ್ತು. ಅದೇ ತೊಂದರೆಯಾದದ್ದು.

ಮಧ್ಯಾಹ್ನ ಧನುಶ್ರೀಯ ಫೋನು ಬಂತು. ಹಲೋ ಗಿಲೋ ಇಲ್ಲ. ‘‘ಅಪ್ಪ, ಸ್ಮೃತಿ ಅಂದ್ರೆ ಮೆಮೊರಿ. ಕಂಪ್ಯೂಟರ್ ಮೆಮೊರಿ. ನಾನು ಮೆಮೊರಿ ಅಂತಲೇ ಬರ್ಕೊಟ್ಟಿದ್ದೆ. ಕನ್ನಡ ಮೇಷ್ಟ್ರು ಉಮಾಶಂಕರ್ ಅದನ್ನ ಅಚ್ಚಗನ್ನಡ ಮಾಡ್ತೀನಿ ಅಂತ ಸಂಸ್ಕೃತ ಮಾಡಿದ್ರು. ಇಪ್ಪತ್ತೈದು ಜಯದೇವಪ್ಪನವರ ತಂದೆ ಹುಟ್ಟಿದ ದಿನ. ಪ್ರತಿವರ್ಷ ಅವತ್ತೇ ಮಾಡ್ತಾರೆ. ಅವ್ರ ಮನೇಲಿ ಬಸವಣ್ಣನ ಫೋಟೋ ಇದೆಯೇ ಹೊರತು ಮನುದಲ್ಲ.’’

ಭೀಮರಾಜ ಫೋನು ಕೆಳಗಿಟ್ಟ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದವರನ್ನು ಅವನು ಜೀವಮಾನವಿಡೀ ಗೇಲಿ ಮಾಡಿದ್ದ. ಈಗ ತಾನೇ ಕರುವಿಗೆ ಹಗ್ಗ ಹಿಡಿದು ನಿಂತಿದ್ದ.

ವಾಯ್ಸ್ ಮೆಸೇಜನ್ನು ಗ್ರೂಪಿನಿಂದ ಅಳಿಸಿದ. ಅಳಿಸಿದರೆ ಏನು ಬಂತು? ಅಷ್ಟು ಹೊತ್ತಿಗೆ ಅದು ಗೆಂಡೆಹಳ್ಳಿ ಮುಟ್ಟಿ, ಜಾವಗಲ್ ದಾಟಿ, ಅರಸೀಕೆರೆ ಮಂಡಿಯಲ್ಲಿ ಕೂತವರ ಕಿವಿಗೂ ಬಿದ್ದಾಗಿತ್ತು. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು.

ಸಂಜೆ ಧನುಶ್ರೀ ಬಂದವಳು ಅಪ್ಪನನ್ನು ಬೈಯಲಿಲ್ಲ. ಚಪ್ಪಲಿ ಬಿಟ್ಟು, ಮುಖ ತೊಳೆದು, ಅಜ್ಜಿಯ ಪಕ್ಕ ಕೂತು ಟೀ ಕುಡಿದಳು. ಅದು ಅವನಿಗೆ ಇನ್ನೂ ಕಷ್ಟವಾಯಿತು. ತಾನಾಗಿಯೇ ಮೆತ್ತಗೆ ಕೇಳಿದ, ‘‘ಅಲ್ಲ ಕಣಮ್ಮ, ಆ ಮೆಮೊರೀಲಿ ಅಂಥಾ ಹೊಸದೇನೈತೆ? ನನ್ನ ಫೋನಲ್ಲೂ ಐತಲ್ಲ.’’

ಅವಳು ಅಡುಗೆಮನೆ ಕಡೆ ಕೈ ತೋರಿಸಿದಳು. ‘‘ಅಮ್ಮ ಅಡುಗೆ ಮಾಡುವಾಗ ಬೇಕಾದ್ದನ್ನೆಲ್ಲ ಕಟ್ಟೆ ಮೇಲೆ ಇಟ್ಕೋತಾಳೆ. ಕೈಚಾಚಿದ್ರೆ ಸಿಗುತ್ತೆ. ಆದ್ರೆ ಕೆಲಸ ಮುಗಿದ್ಮೇಲೆ ಕಟ್ಟೆ ಖಾಲಿ. ಕಂಪ್ಯೂಟರಿನ ವೇಗದ ಮೆಮೊರಿ ಅಂಥದ್ದು, ಕರೆಂಟ್ ಹೋದ್ರೆ ಎಲ್ಲ ಮರೆತುಬಿಡುತ್ತೆ. ಅಟ್ಟದ ಮೇಲೆ ಇಟ್ಟಿದ್ದು ಎಲ್ಲೂ ಹೋಗಲ್ಲ, ಆದ್ರೆ ಏಣಿ ಹಾಕಿ ಹತ್ತಬೇಕು, ಹುಡುಕಬೇಕು. ಹಾರ್ಡ್ ಡಿಸ್ಕ್ ಅಂದ್ರೆ ಅದು. ಈ ಹೊಸ ಮೆಮೊರಿ ಚಿಪ್ಪು ಕಟ್ಟೆಯಷ್ಟೇ ಹತ್ರ, ಅಟ್ಟದಷ್ಟೇ ಭದ್ರ. ಕರೆಂಟಲ್ಲಿ ನೆನಪಿಡಲ್ಲ, ಒಳಗಿರೋ ಸಣ್ಣ ಸಣ್ಣ ಅಯಸ್ಕಾಂತ ಯಾವ ಕಡೆ ತಿರುಗಿದೆ ಅನ್ನೋದ್ರಲ್ಲಿ ನೆನಪಿಡುತ್ತೆ. ಕರೆಂಟ್ ಹೋಗಿ ಬಂದ ತಕ್ಷಣ, ಎಲ್ಲಿ ನಿಂತಿತ್ತೋ ಅಲ್ಲಿಂದಲೇ ಮುಂದಕ್ಕೆ.’’

‘‘ನಮ್ಮೂರಿಗೆ ಹೇಳಿ ಮಾಡಿಸ್ದಂಗೈತೆ,’’ ಎಂದಳು ಮೀನಾಕ್ಷಿ ಒಳಗಿಂದ. ಆ ದಿನ ಆರು ಸಲ ಕರೆಂಟ್ ಹೋಗಿತ್ತು.

ಧನುಶ್ರೀ ಮಾಡಿದ್ದು ತೆಂಗಿನಕಾಯಿ ವಿಂಗಡಿಸುವ ಯಂತ್ರ. ಕೊಬ್ಬರಿಗೆಂದು ಅಟ್ಟದಲ್ಲಿ ಹತ್ತು ಹನ್ನೊಂದು ತಿಂಗಳು ಒಣಗಿಸಿದ ಕಾಯಿಯನ್ನು ಸುಲಿಯುವ ಮುಂಚೆ ಒಂದೊಂದಾಗಿ ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿ ನೋಡಬೇಕು. ಒಳಗೆ ಕೊಬ್ಬರಿ ಗಿಟುಕು ಕರಟದಿಂದ ಬಿಟ್ಟುಕೊಂಡು ಉರುಳುವ ಸದ್ದು ಬಂದರೆ ಒಣಗಿ ಆಯಿತು ಎಂದರ್ಥ. ಈ ಕೆಲಸದಲ್ಲಿ ಸುತ್ತಮುತ್ತ ಹತ್ತು ಹಳ್ಳಿಗೆ ಒಂದೇ ಕಿವಿ, ಭೀಮರಾಜನ ತಾಯಿ ಮುನಿಯಮ್ಮನದು. ಮಾದಿಹಳ್ಳಿಯ ಪಕ್ಕ ಜಯದೇವಪ್ಪನ ತೋಟದ ಕಾಯಿ ಮನೆಯಲ್ಲಿ ನಲವತ್ತು ವರ್ಷ ಅವಳು ಮಾಡಿದ್ದು ಇದೇ. ಈಗ ಎಂಬತ್ತಾಗಿದೆ. ಮೊಣಕಾಲು ಕೈಕೊಟ್ಟಿದೆ, ಕಿವಿ ಕೊಟ್ಟಿಲ್ಲ.

ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಪ್ರತಿ ಭಾನುವಾರ ಧನುಶ್ರೀ ಮೂಟೆಗಟ್ಟಲೆ ಕಾಯಿ ತಂದು ಜಗುಲಿ ಮೇಲೆ ಸುರಿದು, ಅಜ್ಜಿಯ ಸೆರಗಿಗೆ ಮೈಕು ಸಿಕ್ಕಿಸುತ್ತಿದ್ದಳು. ಮುನಿಯಮ್ಮ ಕಾಯಿ ಅಲ್ಲಾಡಿಸಿ ತೀರ್ಪು ಕೊಡುವಳು. ‘‘ಆಗೈತೆ.’’ ‘‘ಇನ್ನೂ ಹಸಿ.’’ ‘‘ಕೊಳ್ತೈತೆ.’’ ಒಮ್ಮೊಮ್ಮೆ ಎರಡು ಸಲ ಅಲ್ಲಾಡಿಸಿ, ಮೂತಿ ಸೊಟ್ಟ ಮಾಡಿ, ‘‘ಇದು ಸುಳ್ಳಾಡ್ತೈತೆ’’ ಎನ್ನುವಳು. ಸದ್ದು ಸರಿಯಾಗಿಯೇ ಬರುತ್ತದೆ, ಒಡೆದರೆ ಒಳಗೆ ಕಪ್ಪು. ಅಂಥ ಕಾಯಿಯನ್ನು ಹಿಡಿಯುವ ಯಂತ್ರ ಎಲ್ಲೂ ಇರಲಿಲ್ಲ. ನಾಲ್ಕು ಸಾವಿರ ಕಾಯಿಯ ಸದ್ದು, ನಾಲ್ಕು ಸಾವಿರ ತೀರ್ಪು ಆ ಹೊಸ ಚಿಪ್ಪಿನೊಳಗೆ ಕೂತವು. ಬೆಲ್ಟಿನ ಮೇಲೆ ಕಾಯಿ ಓಡುತ್ತಿರುವಾಗಲೇ ಯಂತ್ರ ಪ್ರತಿಯೊಂದರ ಸದ್ದನ್ನು ಆ ನಾಲ್ಕು ಸಾವಿರದ ಜೊತೆ ಹೋಲಿಸಿ ನಾಲ್ಕು ಬುಟ್ಟಿಗೆ ತಳ್ಳುತ್ತಿತ್ತು. ನಾಲ್ಕನೇ ಬುಟ್ಟಿಗೆ ಧನುಶ್ರೀ ‘ಸುಳ್ಳು’ ಎಂದೇ ಹೆಸರಿಟ್ಟಿದ್ದಳು.

ಮೂರು ದಿನ ಬಿಟ್ಟು ಜಯದೇವಪ್ಪ ತಾನೇ ಫೋನು ಮಾಡಿದ. ದನಿಯಲ್ಲಿ ಜೇನು. ‘‘ಭೀಮರಾಜ್ ಅವ್ರೇ, ನಿಮ್ಮ ವಾಯ್ಸು ಕೇಳ್ದೆ. ಬೇಜಾರಾಯ್ತು. ಒಂದ್ಸಲ ಮಂಡಿ ಕಡೆ ಬಂದುಹೋಗಿ, ಮಾತಾಡೋಣ.’’

ಹೋದ. ಹೋಗದೆ ಏನು ಮಾಡುತ್ತಾನೆ? ಕೋಪದಲ್ಲಿ ಕೊಯ್ದ ಮೂಗು ತನ್ನದಾಗಿದ್ದರೆ ಮುಚ್ಚಿಕೊಂಡು ಓಡಾಡುತ್ತಿದ್ದ. ಇದು ಮಗಳದು. ಇಪ್ಪತ್ತೈದರಂದು ಅವಳು ವೇದಿಕೆ ಮೇಲೆ ನಿಲ್ಲುವುದೊಂದು ಕೆಡಬಾರದು, ಅಷ್ಟೇ ಅವನ ತಲೆಯಲ್ಲಿದ್ದದ್ದು.

ಮಂಡಿಯಲ್ಲಿ ಕೊಬ್ಬರಿಯ ಎಣ್ಣೆ ವಾಸನೆ. ಜಯದೇವಪ್ಪ ಎದ್ದು ಕೈಮುಗಿದು ಕುರ್ಚಿ ಎಳೆದು ಕೂರಿಸಿದ. ಪಕ್ಕದಲ್ಲಿ ಮಗ ಇಂದ್ರೇಶ್, ಟ್ರಸ್ಟಿನ ಕಾರ್ಯದರ್ಶಿ, ಮೊಬೈಲ್ ಒರೆಸುತ್ತ ಕೂತಿದ್ದ. ಕಾಫಿ ಬಂತು. ಅಪ್ಪಮಗನಿಗೆ ಸ್ಟೀಲ್ ಲೋಟದಲ್ಲಿ, ಭೀಮರಾಜನಿಗೆ ಪೇಪರ್ ಕಪ್ಪಿನಲ್ಲಿ.

‘‘ತಗೊಳ್ಳಿ ಭೀಮರಾಜ್ ಅವ್ರೇ. ಹೊರಗಿನವ್ರು ಬಂದ್ರೆ ಕೋವಿಡ್‌ನಿಂದ ಈ ಅಭ್ಯಾಸ ಮಾಡ್ಕೊಂಡಿದೀವಿ. ಮುನಿಯಮ್ಮ ಹೇಗವಳೆ? ಇನ್ನೂ ಓಡಾಡ್ತಾಳಾ?’’

ಮಗನಿಗೆ ‘ಅವ್ರೇ’, ತಾಯಿಗೆ ‘ಅವಳೆ’. ಜಯದೇವಪ್ಪ ಇವನಿಗಿಂತ ನಾಲ್ಕು ವರ್ಷ ಚಿಕ್ಕವನು. ಮುನಿಯಮ್ಮ ಕಾಯಿ ಅಲ್ಲಾಡಿಸುವಾಗ ಅಂಗಳದಲ್ಲಿ ಚಡ್ಡಿ ಹಾಕಿಕೊಂಡು ಓಡಾಡುತ್ತಿದ್ದವನು. ಭೀಮರಾಜನ ಗಂಟಲಿಗೆ ಉತ್ತರ ಬಂತು. ಅದನ್ನು ಕಾಫಿಯ ಜೊತೆ ನುಂಗಿದ. ನಾಲಿಗೆ ಸುಟ್ಟಿತು.

‘‘ತಪ್ಪು ತಿಳ್ಕೊಂಡೆ,’’ ಎಂದ. ಬಾಯಲ್ಲಿ ಆ ಮಾತಿನ ರುಚಿ ಹಾಗಲಕಾಯಿಯದಾಗಿತ್ತು.

‘‘ನಂಗೊತ್ತು, ನಂಗೊತ್ತು. ನೀವು ಓದ್ದೋರು. ಆದ್ರೆ ಬೋರ್ಡಿನೋರು ಬಿಸಿಯಾಗವ್ರೆ. ನಿಮ್ಮ ಮಗಳ ಭವಿಷ್ಯಕ್ಕೂ ತೊಂದ್ರೆ ಆಗ್ಬಾರ್ದಲ್ಲ? ಎರಡು ಸಾಲು ಬರ್ದುಕೊಡಿ ಸಾಕು. ಫೈಲಲ್ಲಿ ಇಟ್ಕೋತೀವಿ, ಅಷ್ಟೇ.’’

ಇಂದ್ರೇಶ್ ಬಿಳಿ ಹಾಳೆ, ಪೆನ್ನು ಮುಂದಿಟ್ಟ. ಸಾಲುಗಳನ್ನೂ ಅವನೇ ಹೇಳಿಕೊಟ್ಟ. ‘ನನ್ನಿಂದ ಹಾಗೂ ನನ್ನ ಕುಟುಂಬದವರಿಂದ ಸಂಸ್ಥೆಯ ಘನತೆಗೆ ಧಕ್ಕೆಯಾಗಿದ್ದು, ಅದಕ್ಕಾಗಿ ಬೇಷರತ್ ಕ್ಷಮೆ ಯಾಚಿಸುತ್ತೇನೆ.’ ಕುಟುಂಬದವರು ಏನು ಮಾಡಿದರು ಎಂದು ಭೀಮರಾಜ ಕೇಳಬೇಕಿತ್ತು. ಸುಟ್ಟ ನಾಲಿಗೆ ಏಳಲಿಲ್ಲ. ಸಹಿ ಹಾಕಿ, ಹಳೇಬೀಡು ಬಸ್ ಹತ್ತಿ, ದಾರಿಯುದ್ದಕ್ಕೂ ಕಿಟಕಿ ಆಚೆ ನೋಡುತ್ತ ಬಂದ. ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಮಗಳ ಜಾಗ ಉಳಿಸಿ ಬಂದಿದ್ದೇನೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ.

ಇಪ್ಪತ್ತನಾಲ್ಕರ ಸಂಜೆ ಧನುಶ್ರೀ ಬಸ್ಸಿಳಿದು ಬಂದು, ಚಪ್ಪಲಿ ಬಿಡದೆ, ನಡುಮನೆಯಲ್ಲಿ ನಿಂತಳು. ಕೈಯಲ್ಲಿ ಒಂದು ಜೆರಾಕ್ಸ್ ಹಾಳೆ.

‘‘ಇದು ನಿನ್ನ ಸಹಿನಾ?’’

ಭೀಮರಾಜ ಕನ್ನಡಕ ಹಾಕಿಕೊಳ್ಳಬೇಕಾಗಿರಲಿಲ್ಲ. ‘‘ಹೂಂ ಕಣಮ್ಮ. ನಿನಗೋಸ್ಕರಾನೇ. ನಾಳೆ ಸ್ಟೇಜ್ ಮೇಲೆ ನಿನ್ನ ಜಾಗಕ್ಕೆ ಏನೂ ಆಗ್ಬಾರ್ದು ಅಂತ...’’

‘‘ಯಾವ ಜಾಗ?’’

ಅವನಿಗೆ ಅರ್ಥವಾಗಲಿಲ್ಲ.

‘‘ಯಾವ ಜಾಗ ಅಪ್ಪ? ಆ ಫ್ಲೆಕ್ಸು ನಮ್ಮ ಸರ್ಕಲ್ಲಲ್ಲೇ ಹದಿನಾರು ದಿನದಿಂದ ನೇತಾಡ್ತಿದೆ. ದಿನಾ ಎರಡು ಸಲ ಅದರ ಕೆಳಗೇ ಹಾಲು ತರ್ತೀಯ. ಅದರಲ್ಲಿ ನನ್ನ ಹೆಸರು ಎಲ್ಲಿದೆ ಹೇಳು.’’

ಚೀಲದಿಂದ ಆಹ್ವಾನ ಪತ್ರಿಕೆ ತೆಗೆದು ಅವನ ತೊಡೆ ಮೇಲೆ ಎಸೆದಳು. ಅದೇ ಜರಿಶಾಲು, ಅದೇ ಫೋಟೋ, ಕೆಳಗೆ ಸಣ್ಣಕ್ಷರ. ‘ಸಂಶೋಧನೆ ಮತ್ತು ಪ್ರಾತ್ಯಕ್ಷಿಕೆ: ಶ್ರೀ ಇಂದ್ರೇಶ್, ಕಾರ್ಯದರ್ಶಿಗಳು. ನೆರವು: ವಿಭಾಗದ ಸಿಬ್ಬಂದಿ.’ ಭೀಮರಾಜ ಮೊದಲಿಂದ ಕೊನೆಯವರೆಗೆ ಓದಿದ. ಮತ್ತೆ ಓದಿದ. ಧನುಶ್ರೀ ಎನ್ನುವ ಮೂರಕ್ಷರ ಎಲ್ಲೂ ಇರಲಿಲ್ಲ.

‘‘ಅವನು ಲ್ಯಾಬಿಗೆ ಬಂದಿದ್ದು ನಾಲ್ಕು ಸಲ. ನಾಲ್ಕು ಸಲಾನೂ ಫೋಟೋಗೆ,’’ ಎಂದಳು. ‘‘ಒಂದನೇ ತಾರೀಖಿಗೇ ನಂಗೆ ಗೊತ್ತಾಯ್ತು. ಪ್ರಿನ್ಸಿಪಾಲ್ ಹತ್ರ ಹೋದೆ. ಲಾಗ್ ಬುಕ್ಕು ತೋರಿಸ್ದೆ, ರೆಕಾರ್ಡಿಂಗ್ ಕೇಳಿಸ್ದೆ. ಏಳನೇ ತಾರೀಖು ಅವ್ರು ಒಪ್ಪಿದ್ರು ಅಪ್ಪ. ಹೊಸದಾಗಿ ಅಚ್ಚು ಹಾಕಿಸ್ತೀನಿ, ನೀವೇ ವಿವರಿಸಿ ಅಂದ್ರು. ಮಾರನೇ ದಿನ ನಿನ್ನ ವಾಯ್ಸ್ ಬಂತು. ಇಂಥಾ ಮನೆಯವ್ರನ್ನ ಹೇಗ್ರೀ ಸ್ಟೇಜ್ ಹತ್ತಿಸೋದು ಅಂದ್ರು. ಹಾಗೂ ಹೀಗೂ ಮತ್ತೆ ಒಪ್ಪಿಸ್ತಿದ್ದೆ. ಇವತ್ತು ಈ ಕಾಗದ ನನ್ನ ಮುಂದಿಟ್ಟು, ನಿಮ್ಮ ಮನೆಯವ್ರೇ ತಪ್ಪು ಒಪ್ಕೊಂಡಿದಾರಲ್ಲ ಅಂದ್ರು. ‘ನನ್ನ ಕುಟುಂಬದವರಿಂದ’ ಅಂತೆ. ನಾನೇನ್ ಮಾಡಿದ್ದೆ ಅಪ್ಪ? ಯಾಕೆ ನನ್ನ ಪರವಾಗಿ ಕ್ಷಮೆ ಕೇಳ್ದೆ?’’

‘‘ನಂಗ್ಯಾಕೆ ಮೊದಲೇ ಹೇಳ್ಲಿಲ್ಲ?’’

‘‘ಹೇಳಿದ್ರೆ ನೀನು ಕೂಗ್ತಿದ್ದೆ. ಈ ಮನೇಲಿ ನೀನು ಕೂಗಿದ್ಮೇಲೆ ಇನ್ನೊಬ್ರ ಸಿಟ್ಟಿಗೆ ಜಾಗ ಎಲ್ಲಿರುತ್ತೆ? ನಂಗೂ ಸಿಟ್ಟು ಬರುತ್ತೆ ಅಪ್ಪ. ನಿನಗಿಂತ ಜಾಸ್ತಿ ಬರುತ್ತೆ. ಅದನ್ನ ನಾನು ಎಲ್ಲಿ ಬೇಕೋ ಅಲ್ಲಿಗೆ ಅಂತ ಜೋಪಾನ ಮಾಡ್ಕೊಂಡಿದ್ದೆ. ನೀನು ಒಂದು ಪದ ನೋಡಿ ಊರಿಗೆಲ್ಲ ಬೆಂಕಿ ಹಚ್ಚಿದೆ. ಮಗಳ ಹೆಸರು ಇಲ್ಲ ಅನ್ನೋದು ನಿನ್ನ ಕಣ್ಣಿಗೆ ಬೀಳ್ಲೇ ಇಲ್ಲ.’’

ಭೀಮರಾಜನಿಗೆ ಆಗ ಆದದ್ದನ್ನು ನಾಚಿಕೆ ಎನ್ನಬಹುದು, ಆದರೆ ಆ ಮಾತು ಸಾಲದು. ಅರವತ್ತೆರಡು ವರ್ಷದಲ್ಲಿ ಅವನು ನೂರು ಜನರ ಮೇಲೆ ಸಿಟ್ಟಾಗಿದ್ದ. ತನ್ನ ಮೇಲೆ ತಾನು ಆದದ್ದಿಲ್ಲ. ಇದೇ ಮೊದಲು. ಮುನಿಯಮ್ಮ ಮೂಲೆಯಿಂದ ಎಲ್ಲ ಕೇಳಿಸಿಕೊಂಡವಳು, ‘‘ನಾಳೀಕೆ ನನ್ನೂ ಕರ್ಕೊಂಡೋಗಿ. ನಾನು ಹೇಳ್ಕೊಟ್ಟ ಕಾಯಿ ಸದ್ದ ಅವ್ನು ಏನಂತ ಹೇಳ್ತಾನೋ ಕೇಳ್ಬೇಕು’’ ಎಂದಳು.

ಮಾರನೇ ದಿನ ಬೇಲೂರಿನ ಗೆಳೆಯರಿಗೆ ಈ ವರ್ಷ ಕಡ್ಡಿ ನೀವೇ ಗೀರಿ ಎಂದು ಫೋನು ಮಾಡಿ, ಭೀಮರಾಜ ತಾಯಿಯನ್ನು ಕರೆದುಕೊಂಡು ಅರಸೀಕೆರೆಗೆ ಹೋದ. ಸಭಾಂಗಣ ತುಂಬಿತ್ತು. ಮೂರನೇ ಸಾಲಿನಲ್ಲಿ ಇಬ್ಬರೂ ಕೂತರು. ವೇದಿಕೆಯ ಎಡಗಡೆ ಬೆಲ್ಟು, ಬುಟ್ಟಿಗಳ ಜೊತೆ ಯಂತ್ರ. ಅದರ ಪಕ್ಕ ವೈರು ಸರಿಮಾಡುತ್ತ, ಕೊರಳಲ್ಲಿ ‘ಸಿಬ್ಬಂದಿ’ ಎಂಬ ಪಟ್ಟಿ ಹಾಕಿಕೊಂಡು ಧನುಶ್ರೀ ನಿಂತಿದ್ದಳು. ನಾಲ್ಕನೇ ಬುಟ್ಟಿಯ ಮೇಲಿದ್ದ ‘ಸುಳ್ಳು’ ಹೋಗಿ ‘ಗ್ರೇಡ್ ಡಿ’ ಎಂಬ ಚೀಟಿ ಬಂದಿತ್ತು.

ಇಂದ್ರೇಶ್ ಮೈಕು ಹಿಡಿದ. ತಾನು ಕಂಡ ಕನಸು, ತಾನು ಪಟ್ಟ ಪಾಡು, ತಾನು ನಿದ್ದೆಗೆಟ್ಟದ್ದು. ಪಕ್ಕದಲ್ಲಿ ಹಳೇ ಮೆಮೊರಿಯ ಇನ್ನೊಂದು ಯಂತ್ರವನ್ನೂ ಇಟ್ಟಿದ್ದರು. ಎರಡೂ ಓಡುತ್ತಿರುವಾಗ ಮೇನ್ ಸ್ವಿಚ್ ಆರಿಸಿ ಮತ್ತೆ ಹಾಕಿದರು. ಹಳೆಯದು ಎಲ್ಲ ಮರೆತು, ಪರದೆ ಮೇಲೆ ಚಕ್ರ ತಿರುಗಿಸುತ್ತ ನಾಲ್ಕು ನಿಮಿಷ ಕೂತಿತು. ಹೊಸದು ಅರ್ಧ ದಾರಿಯಲ್ಲಿದ್ದ ಕಾಯಿಯನ್ನು ಅಲ್ಲಿಂದಲೇ ಎತ್ತಿಕೊಂಡು ಸರಿಯಾದ ಬುಟ್ಟಿಗೆ, ನಾಲ್ಕನೆಯದಕ್ಕೆ, ಹಾಕಿತು. ಚಪ್ಪಾಳೆಯೋ ಚಪ್ಪಾಳೆ. ನಾಳೆ ಇದು ಹಾಲಿನ ಡೈರಿಗೆ ಬರುತ್ತದೆ, ಆಂಬುಲೆನ್ಸಿನಲ್ಲಿ ಹೃದಯದ ಬಡಿತ ಅಳೆಯುವ ಯಂತ್ರಕ್ಕೆ ಬರುತ್ತದೆ, ರಾಕೆಟ್ಟಿಗೂ ಬರುತ್ತದೆ ಎಂದ ಇಂದ್ರೇಶ್. ಅದೂ ಧನುಶ್ರೀ ಬರೆದುಕೊಟ್ಟಿದ್ದೇ. ಭೀಮರಾಜ ಆ ಸಾಲುಗಳನ್ನು ಮನೆಯಲ್ಲಿ ಅವಳ ಬಾಯಲ್ಲಿ ಕೇಳಿದ್ದ.

‘‘ಆ ಕಾಯಿ ಯಾಕೆ ನಾಲ್ಕನೇ ಬುಟ್ಟಿಗೆ ಹೋಯ್ತು ಅಂತ ಹೇಳ್ಲೇ ಇಲ್ವಲ್ಲಾ ಈವಯ್ಯ,’’ ಎಂದಳು ಮುನಿಯಮ್ಮ, ಮುಂದಿನ ಸಾಲಿನವರು ತಿರುಗಿ ನೋಡುವಷ್ಟು ಜೋರಾಗಿ.

ಆಮೇಲೆ ಜಯದೇವಪ್ಪ ಎದ್ದ. ನಮ್ಮ ಸಂಸ್ಥೆ ಎಲ್ಲರನ್ನೂ ಅಪ್ಪಿಕೊಳ್ಳುವ ಸಂಸ್ಥೆ ಎಂದು ಶುರುಮಾಡಿ, ಇತ್ತೀಚೆಗೆ ನಮ್ಮ ಮೇಲೆ ಕೆಸರು ಎರಚಿದವರಿದ್ದರು, ಅವರನ್ನೂ ಕ್ಷಮಿಸಿದ್ದೇವೆ ಎಂದು ಜೇಬಿನಿಂದ ಕಾಗದ ತೆಗೆದ. ಫೈಲಿನಲ್ಲಿರಬೇಕಾದ ಕಾಗದ. ಕನ್ನಡಕ ಹಾಕಿಕೊಂಡು ನಿಧಾನವಾಗಿ ಓದಿದ. ‘‘ನನ್ನಿಂದ ಹಾಗೂ ನನ್ನ ಕುಟುಂಬದವರಿಂದ...’’ ಹೆಸರು ಹೇಳಿದ, ಊರು ಹೇಳಿದ. ಯಾರ ಮಗ ಎಂದೂ ಹೇಳಿದ. ‘‘ನಮ್ಮ ಕಾಯಿ ಮನೇಲಿ ಕೆಲಸಕ್ಕಿದ್ಲಲ್ಲ ಮುನಿಯಮ್ಮ, ಅವಳ ಮಗ. ಒಳ್ಳೇ ಮನುಷ್ಯ, ಸ್ವಲ್ಪ ಆತುರ.’’ ಸಭೆ ನಕ್ಕಿತು.

ಭೀಮರಾಜ ಎದ್ದದ್ದು ಅವನಿಗೇ ಗೊತ್ತಾಗಲಿಲ್ಲ. ‘‘ಆ ಕಾಗದ ಇತ್ಲಾಗೆ ಕೊಡ್ರೀ!’’

ಬಸ್‌ಸ್ಟ್ಯಾಂಡಿನ ದನಿ.

‘‘ನಾನು ಕೇಳಿದ ಕ್ಷಮೆ ವಾಪಸ್ ತಗೊಂಡಿದೀನಿ. ಒಂದು ಪದಕ್ಕೆ ತಪ್ಪು ತಿಳಿದಿದ್ದೆ, ಅದಕ್ಕೆ ಬೇಕಾದ್ರೆ ನೂರು ಸಲ ಕೇಳ್ತೀನಿ. ಆದ್ರೆ ನೀವು...’’ ಮುಂದಿನ ಮಾತುಗಳು ನಾಲಿಗೆ ತುದಿಯಲ್ಲಿ ಸಾಲುಗಟ್ಟಿ ನಿಂತಿದ್ದವು. ಮೂರು ತಲೆಮಾರಿನವು. ಒಳ್ಳೆಯ ಮಾತುಗಳು, ಚುಚ್ಚುವ ಮಾತುಗಳು.

‘‘ಅಪ್ಪ.’’

ವೇದಿಕೆಯಿಂದ ಧನುಶ್ರೀ. ಕೂಗಿರಲಿಲ್ಲ.

‘‘ಕೂತ್ಕೋ ಅಪ್ಪ. ಇದು ನಂದು.’’

ಅವನು ಅವಳನ್ನೇ ನೋಡಿದ. ಮಗಳ ಮುಖದಲ್ಲಿ ಬೇಡಿಕೆ ಇರಲಿಲ್ಲ, ಅಪ್ಪಣೆ ಇತ್ತು. ಮೊಣಕಾಲು ಮಡಿಸಿ ಕುರ್ಚಿಗೆ ಇಳಿಯುವುದು ಇಷ್ಟು ಕಷ್ಟದ ಕೆಲಸ ಎಂದು ಅವನಿಗೆ ಗೊತ್ತಿರಲಿಲ್ಲ. ಎರಡೂ ಕೈಯಲ್ಲಿ ಮುಂದಿನ ಕುರ್ಚಿಯ ಬೆನ್ನು ಹಿಡಿದು ಕೂತ.

ಧನುಶ್ರೀ ಕೊರಳ ಪಟ್ಟಿ ತೆಗೆದು ಯಂತ್ರದ ಮೇಲಿಟ್ಟು, ಇಂದ್ರೇಶನ ಮುಂದಿದ್ದ ಮೈಕಿನ ಹತ್ತಿರ ನಡೆದಳು. ಅವನು ಸರಿಯುವವರೆಗೆ ಕಾಯಲಿಲ್ಲ, ಮೈಕನ್ನೇ ತನ್ನ ಕಡೆ ತಿರುಗಿಸಿಕೊಂಡಳು.

‘‘ಈ ಯಂತ್ರ ಮಾಡಿದ್ದು ನಾನು. ನನ್ನ ಹೆಸರು ಧನುಶ್ರೀ. ಇದಕ್ಕೆ ಕಾಯಿ ಸದ್ದು ಕಲಿಸಿದ್ದು ಅಲ್ಲಿ ಮೂರನೇ ಸಾಲಲ್ಲಿ ಕೂತಿರೋ ಮುನಿಯಮ್ಮನವರು. ನಾಲ್ಕು ಸಾವಿರ ಕಾಯಿ ಅಲ್ಲಾಡಿಸಿ ಹೇಳಿಕೊಟ್ಟಿದಾರೆ. ಆ ನಾಲ್ಕನೇ ಬುಟ್ಟಿ ಗ್ರೇಡ್ ಡಿ ಅಲ್ಲ, ಸುಳ್ಳು. ಹೊರಗೆ ಚೆನ್ನಾಗಿ ಸದ್ದು ಮಾಡಿ ಒಳಗೆ ಕೊಳೆತಿರೋ ಕಾಯಿ. ಅದನ್ನ ಗುರುತು ಹಿಡಿಯೋದು ಅವ್ರಿಗೆ ಬಿಟ್ರೆ ಯಾರಿಗೂ ಬರ್ತಿರಲಿಲ್ಲ.’’

‘‘ಮೇಡಂ, ಮೇಡಂ, ಆಮೇಲೆ ಮಾತಾಡೋಣ,’’ ಎಂದ ಇಂದ್ರೇಶ್ ನಗುತ್ತ.

‘‘ಒಂದನೇ ತಾರೀಖಿಂದ ಆಮೇಲೆ ಆಮೇಲೆ ಅಂದಿದೀರ. ಈಗ ಕೇಳಿ. ಈ ಮೆಮೊರಿ ಹೇಳಿಕೊಟ್ಟಿದ್ದನ್ನ ಮರೆಯಲ್ಲ. ತಪ್ಪು ಹೇಳಿಕೊಟ್ರೆ ಅದನ್ನೂ ಮರೆಯಲ್ಲ. ಮುಂದಿನ ವರ್ಷದ ಕಾಯಿ ಬೇರೆ, ಮಳೆ ಬೇರೆ, ಸದ್ದು ಬೇರೆ. ಪ್ರತಿವರ್ಷ ಹೊಸದಾಗಿ ಕಲಿಸಬೇಕು. ನಮ್ಮಿಬ್ಬರ ಹೆಸರೂ ಇದರ ಮೇಲೆ ಬರೋವರೆಗೆ ನಾನು ಇದನ್ನ ಮುಟ್ಟಲ್ಲ, ಅವ್ರು ಕಾಯಿ ಮುಟ್ಟಲ್ಲ. ಸಂಶೋಧಕರು ಇಲ್ಲೇ ಇದಾರಲ್ಲ, ಅವ್ರೇ ಕಲಿಸ್ಲಿ.’’

ಯಾರೋ ಸನ್ನೆ ಮಾಡಿದರು. ಮೈಕು ಸತ್ತಿತು. ಧನುಶ್ರೀಯ ಬಾಯಿ ಆಡುತ್ತಲೇ ಇತ್ತು, ಹಿಂದಿನ ಸಾಲುಗಳಿಗೆ ಕೇಳದೆ ಗುಜುಗುಜು ಎದ್ದಿತು.

ಟ್ರಸ್ಟಿನವನೊಬ್ಬ ಬಗ್ಗಿಕೊಂಡು ಮೂರನೇ ಸಾಲಿಗೆ ಓಡಿಬಂದು ಭೀಮರಾಜನ ಕಿವಿಯಲ್ಲಿ ಹೇಳಿದ, ‘‘ಸಾರ್, ನೀವು ಹಿರಿಯರು, ಮಗಳಿಗೆ ಒಂದ್ಮಾತು ಹೇಳಿ ಸಾರ್. ಕೆಲಸಕ್ಕೆ ಕುತ್ತು ಬರುತ್ತೆ.’’

ಭೀಮರಾಜನ ಬೆರಳು ಕುರ್ಚಿಯ ಬೆನ್ನನ್ನು ಬಿಟ್ಟಿರಲಿಲ್ಲ. ‘‘ನನ್ನ ಬಾಯಿಗೆ ಬೀಗ ಹಾಕ್ಕೊಂಡು ಕೂರೋದೇ ನಂಗೆ ಪ್ರಾಣಕ್ಕೆ ಬಂದೈತೆ ಕಣಯ್ಯ,’’ ಎಂದ. ‘‘ಅವಳ ಬಾಯಿಗೆ ಹಾಕೋ ಬೀಗ ನನ್ನ ಹತ್ರ ಇಲ್ಲ. ಇದ್ರೂ ಕೊಡಲ್ಲ. ಹೋಗು.’’

ಮುನಿಯಮ್ಮ ಕೋಲೂರಿ ಅರ್ಧ ಎದ್ದು, ‘‘ಹಿಂದಿನೋರಿಗೆ ಕೇಳಿಸ್ತಿಲ್ವಂತೆ ಕಣವ್ವ, ಗಟ್ಟಿಯಾಗಿ ಹೇಳು!’’ ಎಂದಳು.

ವೇದಿಕೆ ಮೇಲೆ ಧನುಶ್ರೀ ಸತ್ತ ಮೈಕನ್ನು ಪಕ್ಕಕ್ಕೆ ಸರಿಸಿ, ಮುಂದಕ್ಕೆ ಬಂದು, ಮೊದಲಿಂದ ಇನ್ನೊಂದು ಸಲ ಹೇಳತೊಡಗಿದಳು.